ಒಡಪಿನ ಮೊದಲನೇ ಸಾಲು

ಕನ್ನಡ ಮಾಸ್ತರನಾಗಿರುವುದರಲ್ಲಿ ಒಂದು ದೊಡ್ಡ ಅಪಾಯವಿದೆ. ನಿಮಗೆ ಕನ್ನಡ ಬರುತ್ತದೆ ಎಂದು ಜನ ನಂಬಿಬಿಡುತ್ತಾರೆ. ಗಣಿತದ ಮಾಸ್ತರನನ್ನು ಯಾರೂ ಮದುವೆ ಮನೆಯಲ್ಲಿ ಹಿಡಿದು ನಿಲ್ಲಿಸಿ, 'ಒಂದು ವರ್ಗ ಸಮೀಕರಣ ಬಿಡಿಸ್ರಿ, ಕೇಳೋಣು' ಎನ್ನುವುದಿಲ್ಲ. ಕನ್ನಡದವನು ಸಿಕ್ಕರೆ ಮಾತ್ರ ಬಿಡುವುದಿಲ್ಲ. ನಿವೃತ್ತರಾಗುವವರಿಗೆ ಮಾನಪತ್ರ, ಹೊಸ ಕಿರಾಣಿ ಅಂಗಡಿಗೆ ಹೆಸರು, ಹುಟ್ಟಿದ ಕೂಸಿಗೆ ಹೆಸರು, ತೀರಿಕೊಂಡವರ ಬ್ಯಾನರಿನ ಕೆಳಗೆ ಎರಡು ಸಾಲು, ಎಲ್ಲಕ್ಕೂ ಅವನೇ ಬೇಕು. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ನಾನು ಕೂದಲು ಬೆಳ್ಳಗಾಗುವವರೆಗೆ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಗುಟ್ಟೇನೆಂದರೆ, ಅವೆಲ್ಲವನ್ನೂ ನಾನು ಒಂದರಿಂದ ಇನ್ನೊಂದಕ್ಕೆ ಎತ್ತಿ ಹಾಕಿಯೇ ನಿಭಾಯಿಸಿದ್ದೇನೆ. ವ್ಯಾಕರಣ ಕೇಳಿ, ನಿದ್ದೆಗಣ್ಣಿನಲ್ಲೂ ಹೇಳುತ್ತೇನೆ. ಛಂದಸ್ಸು ಕೇಳಿ, ಗಣ ಹಾಕಿ ತೋರಿಸುತ್ತೇನೆ. ಸ್ವಂತದ್ದು ಎರಡು ಸಾಲು ಹೊಸೆ ಅಂದರೆ ಮಾತ್ರ ಬೆವರು ಕಿತ್ತುಕೊಂಡು ಬರುತ್ತದೆ. ಈ ಸಂಗತಿ ಇಷ್ಟು ವರ್ಷ ಯಾರಿಗೂ ಗೊತ್ತಿರಲಿಲ್ಲ. ಮಗಳ ಮದುವೆ ಗೊತ್ತಾಯಿತು ನೋಡಿ, ಅದರ ಜೊತೆಗೆ ಇದೂ ಗೊತ್ತಾಯಿತು.

ಎಲ್ಲ ಆದದ್ದು ಒಡಪಿನ ಸಲುವಾಗಿ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬೋಳುಬೋಳಾಗಿ ಹೇಳುವುದಿಲ್ಲ. ಹೊಸ ಸೊಸೆ ಹೊಸ್ತಿಲ ಮುಂದೆ ಬಂದು ನಿಂತಾಗ ನಾದಿನಿ ಬಾಗಿಲಿಗೆ ಅಡ್ಡ ಕೈ ಹಿಡಿದು, 'ಹೆಸರು ಹೇಳು, ಒಳಗ ಬಾ' ಎನ್ನುತ್ತಾಳೆ. ಆಗ ಪ್ರಾಸ ಕೂಡಿದ ಎರಡು ಸಾಲಿನೊಳಗೆ ಆ ಹೆಸರನ್ನು ಸುತ್ತಿ ಕೊಡಬೇಕು. ಅದೇ ಒಡಪು. ಮದುವೆ ದಿನ ಶುರುವಾದದ್ದು ಸೀಮಂತ, ವಾಸ್ತುಶಾಂತಿ, ಮಂಗಳಗೌರಿ ಎಂದು ಆಯುಷ್ಯಪೂರ್ತಿ ನಡೆಯುತ್ತದೆ. ಈಗ ಇದೂ ಮೊಬೈಲಿನಲ್ಲಿ ಸಿದ್ಧವಾಗಿ ಸಿಗುತ್ತದೆ. ಬೆಳ್ಳಿ ಬಟ್ಟಲು, ಬಂಗಾರದ ಚಮಚೆ ಎಂದೆಲ್ಲ ಬರೆದು, ಹೆಸರಿನ ಜಾಗದಲ್ಲಿ ಚುಕ್ಕೆ ಇಟ್ಟಿರುತ್ತಾರೆ. ಅವರವರು ಅವರವರ ಗಂಡನನ್ನು ಅಲ್ಲಿ ತುಂಬಿಕೊಂಡರಾಯಿತು.

ನನ್ನ ಮಗಳು ಅನಘಾ ದನದ ಡಾಕ್ಟರು. ಮೊಳಕೈವರೆಗೆ ಕೈ ಹಾಕಿ ಎಮ್ಮೆಯ ಕರು ಹೊರತೆಗೆಯುವ ಹುಡುಗಿ, ಇಂಥದ್ದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ ಎಂದು ನಾನು ತಿಳಿದಿದ್ದೆ. ನಿಶ್ಚಯವಾದ ಮರುದಿನ ಬೆಳಿಗ್ಗೆಯೇ ಆಕೆ ನನ್ನ ಮುಂದೆ ಬಂದು ಕೂತಳು.

"ಅಪ್ಪಾ, ನನಗ ಮುತ್ತಜ್ಜಿ ಒಡಪು ಬೇಕು. ಮೊಬೈಲಿನಾಗಿಂದು ಹೇಳೂದಿಲ್ಲ."

"ಮುತ್ತಜ್ಜಿ ಎಲ್ಲಿದ್ದಾಳ ಈಗ?"

"ಅದಕ್ಕ ನಿಮ್ಮನ್ನ ಕೇಳ್ಲಿಕತ್ತೇನಿ. ನೀವು ಆಕಿ ಮೊಮ್ಮಗ ಹೌದಲ್ಲೋ? ಮ್ಯಾಲೆ ಕನ್ನಡ ಮಾಸ್ತರು."

ಒಳಗಿನಿಂದ ನನ್ನ ಹೆಂಡತಿ ವಿಮಲಾ ನಕ್ಕ ಸಪ್ಪಳ ಕೇಳಿಸಿತು.

ಮುತ್ತಜ್ಜಿ ಎಂದರೆ ನನ್ನ ಅಜ್ಜಿ, ಗೋದಾವರಿಬಾಯಿ. ಊರಿಗೆಲ್ಲ ಗೋದಕ್ಕ. ನಮ್ಮ ಅಜ್ಜ ನಾರಾಯಣರಾಯರು ಸಾಲಿ ಮಾಸ್ತರು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಅಂತ ಅವರನ್ನು ಸರಕಾರ ಗಾಣದೆತ್ತಿನ ಹಾಗೆ ಸುತ್ತಿಸಿತು. ವರ್ಗದ ಆರ್ಡರು ಬಂದರೆ ಉಳಿದ ಮಾಸ್ತರರ ಹೆಂಡಂದಿರು ಅಳುತ್ತಿದ್ದರಂತೆ. ನಮ್ಮಜ್ಜಿ ಅಟ್ಟದ ಮೇಲಿನ ಟ್ರಂಕು ಇಳಿಸುತ್ತಿದ್ದಳು. ಅಜ್ಜ ತೀರಿಕೊಂಡ ಮೇಲೆ ಆಕೆಗೆ ವರ್ಗ ಮಾಡುವವರು ಯಾರೂ ಉಳಿಯಲಿಲ್ಲವಲ್ಲ, ತನ್ನ ವರ್ಗವನ್ನು ತಾನೇ ಮಾಡಿಕೊಳ್ಳತೊಡಗಿದಳು. ಪಂಢರಪುರ, ಕಾಶಿ, ರಾಮೇಶ್ವರ, ದ್ವಾರಕಾ, ಬದರಿ. ಎಲ್ಲಿಗೆ ಯಾತ್ರೆಯ ಬಸ್ಸು ಹೊರಟರೂ ಡ್ರೈವರನ ಹಿಂದಿನ ಸೀಟು ಗೋದಕ್ಕನದು. ಕೈಯಲ್ಲಿ ಚೂರು ಬಟ್ಟೆ ಜೋಡಿಸಿ ತಾನೇ ಹೊಲಿದ ಚೀಲ. ಅದರೊಳಗೆ ಒಂದು ಸೀರೆ, ಜೋಳದ ಹಿಟ್ಟು, ಒಂದು ಡಬ್ಬಿ ರಂಗೋಲಿ ಪುಡಿ. ಹಿಟ್ಟು ಯಾಕೆ ಅಂದರೆ, 'ದೇವರು ಎಲ್ಲಾ ಊರಾಗೂ ಇರ್ತಾನ, ರೊಟ್ಟಿ ಇರಂಗಿಲ್ಲ' ಎನ್ನುತ್ತಿದ್ದಳು. ಹರಿದ್ವಾರದ ಧರ್ಮಶಾಲೆಯಲ್ಲಿ ಆಕೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಪಂಜಾಬಿನ ಒಬ್ಬ ಮುದುಕಿ ಹುಡುಕಿಕೊಂಡು ಬಂದು, ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಸಂಜೆವರೆಗೆ ಹರಟೆ ಹೊಡೆದರಂತೆ. ಏನು ಮಾತಾಡಿದಿರಿ ಎಂದು ಕೇಳಿದರೆ, "ಸೊಸೆಂದಿರ ಸುದ್ದಿ. ಅದಕ್ಕ ಭಾಷಾ ಯಾಕ ಬೇಕು?" ಎಂದಳು. ನಮ್ಮವ್ವ ಅಲ್ಲೇ ಕೂತಿದ್ದಳು. ಅವತ್ತು ಅಜ್ಜಿಗೆ ಚಹಾ ತಡವಾಗಿ ಬಂತು.

ರಂಗೋಲಿ ಪುಡಿಯದು ಇನ್ನೊಂದು ಕತೆ. ಆಕೆಯ ಕೈಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಒಮ್ಮೆ ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ತಡವಾಯಿತು. ಅಜ್ಜಿ ಡಬ್ಬಿ ತೆಗೆದು, ಬಸ್ಸು ಬಂದು ನಿಲ್ಲುವ ಜಾಗದಲ್ಲೇ ಒಂದು ದೊಡ್ಡ ನವಿಲು ಬಿಡಿಸಿದಳು. ನಾನಾಗ ಸಣ್ಣವನು, ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದೆ. ಬಸ್ಸೇನೋ ಬಂತು. ಆದರೆ ನವಿಲಿನ ಮೇಲೆ ಗಾಲಿ ಹಾಯಿಸಲು ಡ್ರೈವರನಿಗೆ ಮನಸ್ಸು ಬರಲಿಲ್ಲ. ಆತ ಬಸ್ಸನ್ನು ದೂರ ಒಯ್ದು ನಿಲ್ಲಿಸಿದ. ಮಂದಿಯೆಲ್ಲ ಗಂಟುಮೂಟೆ ಹೊತ್ತು ಓಡಿದರು. ಕಂಡಕ್ಟರು ಬಾಗಿಲಲ್ಲಿ ನಿಂತು, "ಯವ್ವಾ ಯಜಮಾನ್ತಿ, ಇದು ಬಸ್ ಸ್ಟ್ಯಾಂಡ್ ಐತಿ, ನಿಮ್ಮ ಮನಿ ಅಂಗಳ ಅಲ್ಲ" ಎಂದು ಕೂಗಿದ. ಅಜ್ಜಿ ಸಾವಕಾಶ ನಡೆದು ಬಂದು ಬಸ್ಸು ಹತ್ತಿ, "ಹೊತ್ತಿಗೆ ಸರಿಯಾಗಿ ಬಂದಿದ್ರ ನವಿಲಿಗೆ ಪುಕ್ಕ ಮೂಡತಿದ್ದಿಲ್ಲಪ್ಪಾ, ಬರೇ ಕಾಲು ಅಷ್ಟೇ ಆಗಿರತಿದ್ವು" ಎಂದಳು. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಕಂಡಕ್ಟರನೂ ನಕ್ಕ.

ಇಂಥ ಅಜ್ಜಿಯ ಮೊಮ್ಮಗನಾದ ನಾನು ಬಸ್ಸು ಹತ್ತಿದರೆ ವಾಂತಿ ಮಾಡಿಕೊಳ್ಳುತ್ತೇನೆ. ಈಗಲೂ. ಪಕ್ಕದ ಇಂಗಳೇಶ್ವರಕ್ಕೆ ಹೋಗಿ ಬರುವಷ್ಟರಲ್ಲಿ ನನ್ನ ಮುಖ ಹಾಗಲಕಾಯಿಯ ಬಣ್ಣಕ್ಕೆ ತಿರುಗುತ್ತದೆ. ಸಣ್ಣವನಿದ್ದಾಗ ಅಜ್ಜಿ ನನ್ನನ್ನು ಕಿಡಕಿಯ ಪಕ್ಕ ಕೂಡಿಸಿ, ಕೈಗೆ ನಿಂಬೆಹಣ್ಣು ಕೊಟ್ಟು, "ಪಾಂಡ್ಯಾ, ಹಣ್ಣು ಮೂಗಿಗೆ ಹಿಡಿ, ಕಣ್ಣು ಹೊರಗ ಇಡು" ಎನ್ನುತ್ತಿದ್ದಳು. ನನ್ನ ಹೆಸರು ಪಾಂಡುರಂಗ. ನಾನು ಹಣ್ಣು ಮೂಗಿಗೆ ಹಿಡಿಯುತ್ತಿದ್ದೆ, ಕಣ್ಣು ಮಾತ್ರ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದೆ. ಆಕೆ ತೊಡೆ ಚಿವುಟಿ, "ಕಣ್ಣು ತೆಗಿಯೋ! ಹೊರಗ ಒಂದು ಲೋಕನ ಹೊಂಟದ" ಎನ್ನುವಳು. ಆ ಲೋಕ ಹೋಗಿ ಮುಗಿಯುವವರೆಗೆ ನಾನು ಕಣ್ಣು ತೆಗೆಯುತ್ತಿರಲಿಲ್ಲ.

ಆಕೆಯ ಒಡಪು ಹುಟ್ಟುತ್ತಿದ್ದುದೂ ಅದೇ ಕಿಡಕಿಯಲ್ಲಿ. ಹೋದ ಊರಿನ ಒಂದೊಂದು ಸಾಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ತಂದಂತೆ ತರುತ್ತಿದ್ದಳು. ಅಜ್ಜ ಇದ್ದಾಗ ಪ್ರತಿ ಸಲ ಹೊಸದು. ಸಿಂದಗಿಯಲ್ಲಿದ್ದಾಗ ಯಾರದೋ ಸೀಮಂತದಲ್ಲಿ ಎಲ್ಲರೆದುರು ಹೇಳಿದ್ದಂತೆ:

"ಸಿಂದಗಿ ಸಂತ್ಯಾಗ ತೂಗಿಸಿ ತಂದೆ ಬೆಲ್ಲ,
ನಾರಾಯಣರಾಯರ ಮಾತಿನಾಗ ಅದರ ರುಚೀನ ಇಲ್ಲ."

ಅಜ್ಜ ಊಟದ ಪಂಕ್ತಿಯಲ್ಲಿ ಕೂತು ಇದನ್ನು ಕೇಳಿ, ಆ ಸಂಜೆಯೆಲ್ಲ ಬಹಳ ಸಿಹಿಯಾಗಿ ಮಾತಾಡಿದರಂತೆ. ನನಗೂ ಆಕೆ ಕಲಿಸಲು ನೋಡಿದಳು. "ಭಾಳ ಸರಳ ಅದ ಪಾಂಡ್ಯಾ. ಮೊದಲನೇ ಸಾಲು ದಾರ್ಯಾಗ ಸಿಗತದ, ಎರಡನೇದು ಮನ್ಯಾಗ ಇರತದ. ನೀ ದಾರೀನ ನೋಡಂಗಿಲ್ಲ, ನಿನಗೆಲ್ಲಿಂದ ಬರಬೇಕು?" ಎಂದು ಕೈಬಿಟ್ಟಳು. ಹಾಗಂತ ನನ್ನ ಹೆಸರಿಗೆ ಒಡಪಿಲ್ಲ ಎಂದಲ್ಲ. ನನ್ನ ಮದುವೆಯಲ್ಲಿ ವಿಮಲಾಗೆ ಆಕೆಯೇ ಕಿವಿಯಲ್ಲಿ ಹೇಳಿಕೊಟ್ಟಳು. ಆಗಷ್ಟೇ ರಾಮೇಶ್ವರಕ್ಕೆ ಹೋಗಿ ಬಂದಿದ್ದಳು.

"ರಾಮೇಶ್ವರದ ಸಮುದ್ರಕ್ಕ ದಂಡೀನ ಕಾಣಂಗಿಲ್ಲ,
ಪಾಂಡುರಂಗರಾಯರ ಚಹಾಕ್ಕ ಹೊತ್ತು ಗೊತ್ತು ಇಲ್ಲ."

ಮಂಟಪದಲ್ಲಿ ಹೋ ಎಂದು ನಗೆ ಎದ್ದಿತು. ನಾನು ಮೇಲೆ ಮೇಲೆ ನಾಚಿಕೊಂಡೆ, ಒಳಗೆ ಉಬ್ಬಿಹೋದೆ. ನನ್ನ ಚಹಾದ ಚಟ ಕಾವ್ಯವಾಯಿತಲ್ಲ! ಅಂದಿನಿಂದ ಯಾರಾದರೂ 'ಎಷ್ಟು ಚಹಾ ಕುಡೀತೀರಿ ಮಾರಾಯರೇ' ಎಂದರೆ ನನಗೆ ಸಿಟ್ಟು ಬಂದದ್ದೇ ಇಲ್ಲ. ನಮ್ಮ ಅಜ್ಜಿ ನನಗಾಗಿಯೇ ಕಟ್ಟಿದ್ದು ಎಂದು ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಅನಘಾ ಹುಟ್ಟಿದ ಮೇಲೆ ಅಜ್ಜಿಯ ಕಿಡಕಿಯ ಪಕ್ಕದ ಜಾಗ ಅವಳದಾಯಿತು. ಇಬ್ಬರೂ ಸೇರಿ ಮುಳವಾಡದ ಕಾಲುವೆ ನೋಡಲು ಹೋಗುವರು, ನೀರು ಬಂದಿರದಿದ್ದರೆ ಬರೀ ಕಾಲುವೆ ನೋಡಿ ಬರುವರು. ಆಗೆಲ್ಲ ಅಜ್ಜಿ ಹೇಳುತ್ತಿದ್ದದ್ದು ಒಂದೇ: "ನಿನ್ನ ಗಂಡನ ಹೆಸರೊಂದು ಗೊತ್ತಾಗಲಿ, ಅವನಿಗೆ ಎಂಥಾ ಒಡಪು ಹುಟ್ಟಸ್ತೇನಿ ನೋಡು." ಗಂಡನ ಹೆಸರು ಗೊತ್ತಾಗುವ ಮೊದಲೇ ಅಜ್ಜಿ ಹೋಗಿಬಿಟ್ಟಳು. ತೊಂಬತ್ತು ದಾಟಿತ್ತು, ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ. ಚೀಲ ಮೊಳೆಗೆ ತೂಗುಬಿದ್ದಿತ್ತು, ಒಳಗೆ ಹಿಟ್ಟು ತುಂಬಿಟ್ಟಿದ್ದಳು. ಎಲ್ಲಿಗೆ ಹೊರಟಿದ್ದಳೋ ನಮಗೆ ಹೇಳಿರಲಿಲ್ಲ. ಅವತ್ತು ಅನಘಾ ಅತ್ತಷ್ಟು ನಾವ್ಯಾರೂ ಅಳಲಿಲ್ಲ. ಈಗ ಆ ಹುಟ್ಟದೇ ಉಳಿದ ಒಡಪನ್ನು ಆಕೆ ನನ್ನಿಂದ ಕೇಳುತ್ತಿದ್ದಳು. ಇಲ್ಲ ಎನ್ನಲು ಯಾವ ತಂದೆಗೆ ಬಾಯಿ ಬರುತ್ತದೆ ಹೇಳಿ.

ಹುಡುಗ ಇಂಡಿಯವನು. ಮನೆತನ ದೊಡ್ಡದು, ನಿಂಬೆಯ ತೋಟ, ನಿಂಬೆಯ ವ್ಯಾಪಾರ. ಹೆಣ್ಣು ನೋಡಲು ಬಂದ ದಿನ ಆತ ಕಿಸೆಯಿಂದ ಫೋನು ತೆಗೆಯಲು ಹೋದ, ಅದರ ಜೊತೆಗೆ ಒಂದು ನಿಂಬೆಹಣ್ಣು ಹೊರಬಿದ್ದು ಉರುಳುತ್ತ ನನ್ನ ಕುರ್ಚಿಯ ಕೆಳಗೆ ಹೋಯಿತು. ನಾವಿಬ್ಬರೂ ಬಗ್ಗಿ ಹುಡುಕುವಾಗ ತಲೆಗೆ ತಲೆ ಬಡಿಯಿತು. 'ತ್ವಾಟದಾಗ ಆರಿಸಿದ್ದು, ಹಂಗ ಕಿಸೇದಾಗ ಉಳೀತಾವ್ರಿ' ಎಂದು ಆತ ಕೆಂಪಾದ. ಇದೆಂಥ ಹುಡುಗ ಎಂದು ನಾನು ಅಂದುಕೊಂಡೆ. ಅನಘಾ ನಗುವುದನ್ನು ನೋಡಿ ವಿಮಲಾ ಮಾತ್ರ ಆಗಲೇ ಮನಸ್ಸಿನಲ್ಲಿ ಸಕ್ಕರೆ ಹಂಚಿಬಿಟ್ಟಿದ್ದಳು. ಹುಡುಗನ ಹೆಸರು ಶ್ರೀವತ್ಸ. ಒಳ್ಳೆಯ ಹೆಸರೇ. ಆದರೆ ನನ್ನ ಜಾಗದಲ್ಲಿ ಕೂತು ನೋಡಿ. ವತ್ಸ ಎಂಬುದಕ್ಕೆ ಪ್ರಾಸ ಹುಡುಕುತ್ತ ಹೋದರೆ ಕನ್ನಡದಲ್ಲಿ ನೆಟ್ಟಗೆ ಸಿಗುವುದು 'ಬೀಭತ್ಸ' ಒಂದೇ. ಮಗಳು ಗಂಡನ ಮನೆಯ ಹೊಸ್ತಿಲಲ್ಲಿ ನಿಂತು ಹೇಳುವ ಮಾತೇ ಅದು?

ವಾರಗಟ್ಟಲೆ ತಿಣುಕಿ, ನಿಘಂಟು ತಿರುವಿ, ಕೊನೆಗೊಂದು ಭಾನುವಾರ ಹೆಂಡತಿ ಮಗಳನ್ನು ಎದುರು ಕೂಡಿಸಿಕೊಂಡು, ಗಂಟಲು ಸರಿಮಾಡಿಕೊಂಡು ಓದಿದೆ:

"ಕುಂಕುಮಾಂಕಿತ ಲಲಾಟದ ನಾನು ಕಮಲದಳನೇತ್ರೆ,
ಶ್ರೀವತ್ಸರಾಯರ ಸನ್ನಿಧಿಯೆಡೆಗೆ ನನ್ನ ಜೀವನಯಾತ್ರೆ."

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಾತ್ರೆ ಸರಿ ಅವ," ಎಂದೆ ನಾನು.

"ಅಪ್ಪಾ," ಎಂದಳು ಅನಘಾ, "ಇದನ್ನ ಹೇಳಿದ್ರ ಅವರ ಮನ್ಯಾಗ ಯಾರೂ ನಗಂಗಿಲ್ಲ. ಎಲ್ಲಾರೂ ಕೈ ಮುಗೀತಾರ."

"ಆಮ್ಯಾಲೆ ತೀರ್ಥ ಕೇಳ್ತಾರ," ಎಂದಳು ವಿಮಲಾ. ಆಮೇಲೆ ಎದ್ದು ಹೋಗಿ, ಮೊಳೆಗೆ ತೂಗುಬಿದ್ದಿದ್ದ ಅಜ್ಜಿಯ ಚೀಲ ತಂದು, ಅದರಲ್ಲಿ ಲಗ್ನಪತ್ರಿಕೆಗಳನ್ನೂ ಅಕ್ಷತೆಯ ಪೊಟ್ಟಣವನ್ನೂ ಹಾಕಿ ನನ್ನ ತೊಡೆಯ ಮೇಲೆ ಇಟ್ಟಳು. "ಫೋನಿನಾಗ ಕಳಿಸಿದ್ರ ಹಿರೇರು ಸಿಟ್ಟಾಗ್ತಾರ. ಮುದ್ದೇಬಿಹಾಳ, ಸಿಂದಗಿ ನೀವೇ ಹೋಗಿ ಕೊಟ್ಟು ಬರ್ರಿ. ಅಜ್ಜಿ ಇದ್ದ ಊರು ಅವು. ದಾರ್ಯಾಗ ಏನರ ಸಿಕ್ಕರ ಸಿಗಲಿ."

ಬಸ್ಸಿನಲ್ಲಿ ಎಂದೆ. ಬಸ್ಸಿನಲ್ಲೇ ಎಂದಳು. ಮುದ್ದೇಬಿಹಾಳದ ಬಸ್ಸಿನಲ್ಲಿ ನಾನು ಅಭ್ಯಾಸದಂತೆ ಕಣ್ಣು ಮುಚ್ಚಿಕೊಂಡು ಕೂತೆ. ಕಂಡಕ್ಟರು ಟಿಕೀಟು ಕೊಡಲು ಬಂದವನು, "ಯಾಕ್ರಿ ಸರ, ಧ್ಯಾನ ಮಾಡಾಕತ್ತೀರೇನು?" ಎಂದ. ಬಾಯಿ ತೆರೆದರೆ ಅನಾಹುತವಾಗುವಂತಿತ್ತು, ಆದ್ದರಿಂದ ತಲೆ ಆಡಿಸಿದೆ. ಆತ ಭಕ್ತಿಯಿಂದ ಬೇರೆಯವರಿಗೂ ಸುಮ್ಮನಿರಲು ಹೇಳಿದ. ಅಂತೂ ಊರು ಮುಟ್ಟಿ, ಅಜ್ಜಿಯ ಹಳೆಯ ನೆರೆಮನೆಯ ಸುಶೀಲಾಬಾಯಿಯವರ ಮನೆ ಹುಡುಕಿದೆ. ಗೋದಕ್ಕನ ಮೊಮ್ಮಗ ಎಂದದ್ದೇ ತಡ, ಕೈ ಹಿಡಿದು ಒಳಗೆ ಕರೆದೊಯ್ದರು. ನನ್ನ ಕೈಯೊಳಗಿನ ಚೀಲ ಇಸಿದುಕೊಂಡು, ಅದರ ಒಂದು ಹಸಿರು ಚೂರನ್ನು ತೋರಿಸಿ, "ಇದು ನನ್ನ ಕುಪ್ಪಸದ ಬಟ್ಟಿ ಅದನೋ!" ಎಂದು ಕಣ್ಣು ಒರೆಸಿಕೊಂಡರು. ನಾನು ಮೆಲ್ಲಗೆ ಒಡಪಿನ ಮಾತು ತೆಗೆದೆ.

"ಒಡಪೇನು! ನಮ್ಮ ಮನಿ ವಾಸ್ತುಶಾಂತಿಗೆ ನನಗ ಅಂತನ ಕಟ್ಟಿಕೊಟ್ಟಿದ್ದಳು. ಬ್ಯಾರೆ ಯಾರಿಗೂ ಒಪ್ಪಂಗಿಲ್ಲ ಅದು, ನಮ್ಮವರಿಗೆ ಅಷ್ಟೇ ಒಪ್ಪತದ. ಕೇಳು," ಎಂದು ಸೆರಗು ಸರಿಮಾಡಿಕೊಂಡು ಹೇಳಿದರು:

"ರಾಮೇಶ್ವರದ ಸಮುದ್ರಕ್ಕ ದಂಡೀನ ಕಾಣಂಗಿಲ್ಲ,
ಗುರುರಾಯರ ಚಹಾಕ್ಕ ಹೊತ್ತು ಗೊತ್ತು ಇಲ್ಲ."

ಬಾಯಿಗೆ ಒಯ್ಯುತ್ತಿದ್ದ ಚಹಾದ ಕಪ್ಪು ಅಲ್ಲೇ ನಿಂತಿತು. ಅಷ್ಟರಲ್ಲಿ ಒಳಗಿನ ಕೋಣೆಯಿಂದ ಗುರುರಾಯರು ಕೂಗಿದರು: "ಏ, ಯಾರೋ ಬಂದಾರಲ್ಲ, ಅವರ ನೆವದಾಗ ನನಗೂ ಒಂದು ಅರ್ಧ ಕಪ್ ಆಗ್ತದೇನು?"

"ನೋಡು, ಹೆಂಗ ಕಟ್ಟ್ಯಾಳ!" ಎಂದು ಸುಶೀಲಾಬಾಯಿ ಹೆಮ್ಮೆಯಿಂದ ಎದ್ದರು.

ಒಂದು ಸಲ ಆದದ್ದು ಇರಬಹುದು ಎಂದು ಸಮಾಧಾನ ಮಾಡಿಕೊಂಡು ಮರುವಾರ ಸಿಂದಗಿಗೆ ಹೋದೆ. ಅಲ್ಲಿ ಇಂದಿರಾಬಾಯಿ, ಅಜ್ಜಿಯ ಯಾತ್ರೆಯ ಜೊತೆಗಾತಿ. ಅವರ ಯಜಮಾನರು ಶಾಮರಾಯರು ಕಟ್ಟೆಯ ಮೇಲೆ ಕೂತು ಚಹಾ ಬಸಿಗೆ ಸುರಿದುಕೊಂಡು ಕುಡಿಯುತ್ತಿದ್ದರು. ಅವರನ್ನು ಹಾಗೆ ನೋಡಿದ ಕೂಡಲೇ ನನಗೆ ಸಂಶಯ ಬಂತು. ನಾನು ಅಂದುಕೊಂಡದ್ದೇ ಆಯಿತು. ಇಂದಿರಾಬಾಯಿ ಹೇಳಿದ್ದೂ ಅದೇ ರಾಮೇಶ್ವರ, ಅದೇ ಸಮುದ್ರ, ಅದೇ ಚಹಾ. ಹೆಸರು ಮಾತ್ರ ಶಾಮರಾಯರದು. "ಗೋದಕ್ಕ ನಮ್ಮವರ ಸಲುವಾಗಿನ ಮಾಡಿದ್ದು, ಬ್ಯಾರೆಯವರಿಗೆ ಹೇಳಬ್ಯಾಡ ಅಂತ ಆಣಿ ಹಾಕ್ಯಾಳ" ಎಂದು ಬೇರೆ ಹೇಳಿದರು. ಮೊಬೈಲಿನವರು ಚುಕ್ಕೆ ಇಡುವುದನ್ನು ಯಾರಿಂದ ಕಲಿತರೋ ನನಗೆ ಆವತ್ತು ಗೊತ್ತಾಯಿತು. ಎಷ್ಟು ತಾಲೂಕಿನಲ್ಲಿ ಎಷ್ಟು ಗಂಡಸರು ಆ ಸಮುದ್ರದ ದಂಡೆಯಲ್ಲಿ ಕೂತು ಚಹಾ ಕುಡಿಯುತ್ತ, ತಾನೊಬ್ಬನೇ ಎಂದು ಬೀಗುತ್ತಿದ್ದಾರೋ! ನಿಮಗೆ ಹೇಳಲು ನಾಚಿಕೆಯಿಲ್ಲ, ನನಗೆ ಬಹಳ ಬೇಜಾರಾಯಿತು. ಇಷ್ಟು ವರ್ಷ ಸ್ವಂತದ್ದೆಂದು ತೊಟ್ಟುಕೊಂಡು ತಿರುಗಿದ ಅಂಗಿ ಬಾಡಿಗೆಯದು ಎಂದು ಗೊತ್ತಾದ ಹಾಗೆ.

"ಹಂಗಾದ್ರ ಅಜ್ಜಿ ಹೊಸಾದು ಕಟ್ಟೂದು ಬಿಟ್ಟಿದ್ದಳೇನು?" ಎಂದು ಕೇಳಿದೆ. ದನಿಯಲ್ಲಿ ಸಿಟ್ಟು ಇತ್ತೋ ಏನೋ.

ಇಂದಿರಾಬಾಯಿ ನನ್ನ ಮುಖ ನೋಡಿದರು. "ಬದರಿಗೆ ಹೋಗುವಾಗ ಒಂದು ಕಟ್ಟಿದ್ದಳು," ಎಂದರು. "ಬಸ್ಸಿನಾಗ ಹೊತ್ತು ಹೋಗವಲ್ತು ಅಂತ ಎಲ್ಲಾರೂ ಒಡಪು ಹೇಳ್ಲಿಕತ್ತಿದ್ವಿ. ಒಬ್ಬೊಬ್ಬರದಾಗಿ ಪಾಳಿ ಬಂತು. ಗೋದಕ್ಕನ ಪಾಳಿ ಬಂದಾಗ ನಾವು ಸುಮ್ಮನ ಆಕಿನ್ನ ಬಿಟ್ಟು ಮುಂದ ಹೋದ್ವಿ. ಗಂಡ ಇಲ್ಲದಾಕಿಗೆ ಒಡಪು ಹೇಳು ಅಂತ ಯಾರು ಅಂತಾರಪ್ಪಾ? ಆಕಿ ತಾನ ಕೈ ಎತ್ತಿದಳು. 'ಯಾಕ, ನನ್ನ ಗಂಡಗ ಹೆಸರಿಲ್ಲೇನು?' ಅಂದಳು. ಕಿಡಕಿ ಹೊರಗ ನೋಡಕೋತ ಹೇಳಿದಳು:

ಬದರಿ ಬೆಟ್ಟಕ್ಕ ಬಿಸಲು ಬಿದ್ರ ಬಂಗಾರದ ಬಣ್ಣ,
ನಾರಾಯಣರಾಯರ ಪಾಲಿಂದೂ ನೋಡ್ಯಾವ ನನ್ನ ಕಣ್ಣ.

ನಾವೆಲ್ಲಾ ಸೆರಗು ಕಣ್ಣಿಗೆ ಹಚ್ಚಿದ್ವಿ. ಆಮ್ಯಾಲೆ ಆಕೀನ ನಕ್ಕು, 'ಅಳಬ್ಯಾಡ್ರೆ, ಮುಂದಿನಾಕಿ ಹೇಳ್ರಿ' ಅಂದಳು."

ಇಂದಿರಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡರು. ಕಟ್ಟೆಯ ಮೇಲೆ ಶಾಮರಾಯರು ಬಸಿ ಕೆಳಗಿಟ್ಟರು. ನನಗೂ ಅಳು ಬಂದಿತ್ತು. ಅಜ್ಜಿ ಊರೂರು ಯಾಕೆ ತಿರುಗಿದಳು ಎಂದು ನಾವು ಮನೆಯಲ್ಲಿ ಬಹಳ ಸಲ ನಕ್ಕಿದ್ದೇವೆ, ಕಾಲಿಗೆ ಚಕ್ರ ಅದ ಎಂದು ಆಡಿಕೊಂಡಿದ್ದೇವೆ. ಜನ್ಮವೆಲ್ಲ ನಾಲ್ಕು ತಾಲೂಕು ಬಿಟ್ಟು ಆಚೆ ಹೋಗದ ಗಂಡನ ಪಾಲನ್ನೂ ಆಕೆ ನೋಡಿ ಮುಗಿಸುತ್ತಿದ್ದಳು. ಚಹಾದ್ದನ್ನು ಬೇಕಾದಷ್ಟು ಮಂದಿಗೆ ಹಂಚಿಕೊಳ್ಳಲಿ ಬಿಡು ಎಂದುಕೊಂಡೆ.

ವಾಪಸು ಬರುವಾಗ ನಾನು ಒಂದು ನಿರ್ಧಾರ ಮಾಡಿದೆ. ಕಿಡಕಿಯ ಪಕ್ಕ ಕೂತು ಕಣ್ಣು ತೆರೆದೆ. ತೊಗರಿಯ ಹೊಲ ಹಳದಿ ಹೂ ಬಿಟ್ಟು ನಿಂತಿತ್ತು. ಒಬ್ಬ ಮೋಟರ್ ಸೈಕಲ್ಲಿನ ಮೇಲೆ ದೊಡ್ಡ ಕನ್ನಡಿ ಕಟ್ಟಿಕೊಂಡು ಹೊರಟಿದ್ದ, ಅದರೊಳಗೆ ನಮ್ಮ ಬಸ್ಸೇ ಕಾಣಿಸಿತು, ಕಿಡಕಿಯಲ್ಲಿ ನನ್ನ ಮುಖವೂ ಕಾಣಿಸಿದಂತಾಯಿತು. ಆಹಾ, ಬಂತು, ಮೊದಲನೇ ಸಾಲು ಬಂತು ಎಂದು ನೆಟ್ಟಗೆ ಕೂತೆ. ಬಂದದ್ದು ಬೇರೆಯದು. ಮುಂದಿನ ದಾರಿಯನ್ನು ನಾನು ಕಣ್ಣು ಮುಚ್ಚಿಕೊಂಡೇ ಕಳೆದೆ.

ಮನೆಗೆ ಬಂದು ಅನಘಾಳಿಗೆ ಬದರಿಯ ಒಡಪು ಹೇಳಿದೆ. ಆಕೆ ಬಹಳ ಹೊತ್ತು ಮುತ್ತಜ್ಜಿಯ ಚೀಲವನ್ನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. "ನನ್ನ ಕೈಲೆ ಆಗಲಿಲ್ಲವ್ವಾ," ಎಂದೆ. "ಬೇಕಾದರ ರಾಮೇಶ್ವರದ್ದ ಹೇಳು. ಹೆಂಗೂ ಎಲ್ಲಾರದೂ ಅದ ಅದ."

"ಶ್ರೀವತ್ಸ ಚಹಾ ಕುಡ್ಯಂಗಿಲ್ಲಪ್ಪಾ. ಇರಲಿ ಬಿಡ್ರಿ, ನಿಮ್ಮದ ಹೇಳ್ತೇನಿ."

"ಯಾವುದು?"

"ಕಮಲದಳನೇತ್ರೆ."

ನನ್ನ ಮನಸ್ಸು ನೋಯಬಾರದೆಂದು ಆಕೆ ಅದನ್ನು ಬಾಯಿಪಾಠ ಮಾಡತೊಡಗಿದಳು. ಎಮ್ಮೆಗೆ ಇಂಜೆಕ್ಷನ್ನು ಕೊಡುವಾಗಲೂ 'ಕುಂಕುಮಾಂಕಿತ ಲಲಾಟದ' ಎಂದು ಗುನುಗುತ್ತಿದ್ದಳೆಂದು ಆಕೆಯ ದವಾಖಾನೆಯ ಕಂಪೌಂಡರು ನನಗೆ ಹೇಳಿದ. ಎಮ್ಮೆ ಏನಂದಿತು ಎಂದು ನಾನು ಕೇಳಲು ಹೋಗಲಿಲ್ಲ. ಮದುವೆಯ ತಯಾರಿಯಲ್ಲಿ ಓಡಾಡುವಾಗೆಲ್ಲ ಆ ಸಾಲು ನೆನಪಾಗಿ ನನಗೆ ಸಂಕಟವಾಗುತ್ತಿತ್ತು. ತುಂಬಿದ ಮನೆಯ ಮುಂದೆ ನನ್ನ ಹುಡುಗಿ ಆ ಕಬ್ಬಿಣದ ಕಡಲೆ ಜಗಿಯುವುದು, ಬೀಗರು ಪಿಳಿಪಿಳಿ ಕಣ್ಣು ಬಿಡುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಅಜ್ಜಿಯಿಂದ ಆಕೆಗೆ ಬರಬೇಕಾಗಿದ್ದ ಒಂದೇ ಒಂದು ವಸ್ತು, ಅದೂ ನನ್ನಿಂದಾಗಿ ಹೀಗಾಯಿತಲ್ಲ ಎನ್ನಿಸುತ್ತಿತ್ತು.

ಮದುವೆ ಬಾಗೇವಾಡಿಯಲ್ಲಿ ಚೆನ್ನಾಗಿ ಆಯಿತು. ಮನೆ ತುಂಬಿಸಿಕೊಳ್ಳುವುದು ಮರುದಿನ ಇಂಡಿಯಲ್ಲಿ. ಹುಡುಗಿಯ ಹಿಂದೆ ತಂದೆ ಹೋಗುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಬೀಗರು ಹಳೆಯದನ್ನೆಲ್ಲ ಹಿಡಿದುಕೊಂಡು ಕೂಡುವವರಲ್ಲ. "ಬರ್ರಿ ಮಾಸ್ತರ್ರ, ನಮ್ಮ ತ್ವಾಟ ನೋಡೀರಂತ" ಎಂದು ಎಳೆದುಕೊಂಡು ಹೊರಟರು. ಒಂದೇ ಗಾಡಿ. ಮುಂದೆ ಬೀಗರು, ನಡುವೆ ನಾನು, ವಿಮಲಾ, ಹಿಂದೆ ಮದುಮಕ್ಕಳು. ಹಿಂದಿನ ದಿನದ ಊಟ, ಎಣ್ಣೆಯ ಬುಂದಿ, ಗಾಡಿಯೊಳಗಿನ ಮಲ್ಲಿಗೆಯ ವಾಸನೆ. ಮನಗೂಳಿಯವರೆಗೆ ಹೇಗೋ ತಡೆದೆ. ಬಿಜಾಪುರ ದಾಟಿದೆವು. ಇಂಡಿಯ ರಸ್ತೆಗೆ ಬಿದ್ದು ಸ್ವಲ್ಪ ದೂರ ಹೋಗುವುದರೊಳಗೆ ಭೂಮಿ ಆಕಾಶ ಒಂದಾದವು. "ನಿಲ್ಲಸ್ರಿ!" ಎಂದು ವಿಮಲಾ ಚೀರಿದಳು.

ಹೊಸ ಬೀಗರ ಎದುರು, ಜರಿಯ ಧೋತರ ಉಟ್ಟು, ರಸ್ತೆಯ ಬದಿಯ ಜಾಲಿಕಂಟಿಯ ಮುಂದೆ ಬಗ್ಗಿ ನಿಂತ ಮಾಸ್ತರನನ್ನು ನೀವು ಊಹಿಸಿಕೊಳ್ಳಬಹುದು, ನಾನು ವರ್ಣಿಸುವುದಿಲ್ಲ. ಬೆನ್ನು ಸವರುತ್ತಿದ್ದ ಕೈಯಲ್ಲಿ ಹಸಿರು ಬಳೆ ತುಂಬಿದ್ದವು. ಅನಘಾ ರೇಶಿಮೆ ಸೀರೆಯನ್ನು ಎತ್ತಿ ಕಟ್ಟಿಕೊಂಡು, ದನದ ಡಾಕ್ಟರರ ದನಿಯಲ್ಲಿ, "ತಡೀಬ್ಯಾಡ್ರಿ, ಆಗಿ ಹೋಗಲಿ" ಎನ್ನುತ್ತಿದ್ದಳು. ಇನ್ನೊಬ್ಬರ ಕೈ ನನ್ನ ಮೂಗಿನ ಹತ್ತಿರ ಬಂತು. ಅದರಲ್ಲಿ ಒಂದು ನಿಂಬೆಹಣ್ಣು.

"ಹಣ್ಣು ಮೂಗಿಗೆ ಹಿಡೀರಿ ಮಾವಾ, ಕಣ್ಣು ದೂರ ಹೊಲದ ಕಡೆ ಇಡ್ರಿ," ಎಂದ ಶ್ರೀವತ್ಸ. ಮದುವೆಯ ಜುಬ್ಬಾದ ಕಿಸೆಯಲ್ಲೂ ಅವನಿಗೆ ನಿಂಬೆಹಣ್ಣು ಇತ್ತು. ನಾನು ಹಣ್ಣು ಹಿಡಿದು, ನೀರು ತುಂಬಿದ ಕಣ್ಣು ತೆರೆದು ಹೊಲ ನೋಡಿದೆ. ಅಜ್ಜಿ ತೊಡೆ ಚಿವುಟಿದಂತೆ ಅನ್ನಿಸಿತು. ಹೊಟ್ಟೆ ತೊಳಸುವುದು ನಿಂತಿತು. ಪಕ್ಕಕ್ಕೆ ತಿರುಗಿದರೆ ಅನಘಾ ನನ್ನನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು.

ಇಂಡಿಯ ಮನೆಯ ಮುಂದೆ ಮಂದಿ ತುಂಬಿದ್ದರು. ಶ್ರೀವತ್ಸನ ತಂಗಿ ಬಾಗಿಲಿಗೆ ಅಡ್ಡ ಕೈ ಹಿಡಿದು, "ಹೆಸರು ಹೇಳ್ರಿ ವೈನಿ, ಇಲ್ಲಾಂದ್ರ ಇವತ್ತು ಅಂಗಳದಾಗ ಮಕ್ಕೊಳ್ರಿ" ಎಂದಳು. ನಾನು ಹಿಂದೆ, ಚಪ್ಪರದ ಕಂಬ ಹಿಡಿದುಕೊಂಡು, ನಿಂಬೆಹಣ್ಣು ಹಿಡಿದುಕೊಂಡು ನಿಂತಿದ್ದೆ. ಕುಂಕುಮಾಂಕಿತ ಇನ್ನೇನು ಬಂತು ಎಂದು ತಲೆ ತಗ್ಗಿಸಿದೆ. ಅನಘಾ ಸೆರಗು ಸರಿಮಾಡಿಕೊಂಡಳು. ಆಮೇಲೆ ನನ್ನ ಕಡೆ ಒಮ್ಮೆ ತಿರುಗಿ ನೋಡಿದಳು. ಅಜ್ಜಿಯ ಕಣ್ಣಿನಲ್ಲಿ ಕಾಣುತ್ತಿದ್ದ ಅದೇ ಕಿಡಿಗೇಡಿ ನಗೆ ಅವಳ ಕಣ್ಣಿನಲ್ಲಿತ್ತು.

"ಇಂಡಿ ದಾರ್ಯಾಗ ಅಪ್ಪಗ ತಲಿ ತಿರುಗಿ ಬಂತು,
ಶ್ರೀವತ್ಸರಾಯರ ಕಿಸೇದಾಗ ನಿಂಬಿಹಣ್ಣು ಇತ್ತು!"

ಅಂಗಳಕ್ಕೆ ಅಂಗಳವೇ ನಕ್ಕಿತು. ಬೀಗರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಶ್ರೀವತ್ಸ ಕಿಸೆ ಮುಟ್ಟಿ ನೋಡಿಕೊಂಡು ಕೆಂಪಾದ. ನಾದಿನಿ ಕೈ ತೆಗೆದು ಅತ್ತಿಗೆಯನ್ನು ತಬ್ಬಿಕೊಂಡಳು, ನನ್ನ ಹುಡುಗಿ ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದು ನಗುತ್ತ ಒಳಗೆ ಹೋದಳು. ನಕ್ಕು ನಕ್ಕು ಸುಸ್ತಾಗಿ ಕಂಬಕ್ಕೆ ಆತುಕೊಂಡಿದ್ದ ವಿಮಲಾ ನನ್ನ ಕಿವಿಯ ಹತ್ತಿರ ಬಂದು, "ಅಂತೂ ಮೊದಲನೇ ಸಾಲು ನೀವ ಕೊಟ್ರಿ" ಎಂದಳು.

ಮರುದಿನ ಬೆಳಿಗ್ಗೆ ತೋಟದ ಕಡೆ ಹೊರಟಾಗ ದಾರಿಯಲ್ಲಿ ಯಾರೋ ಒಬ್ಬ ಹಿರಿಯರು ನನ್ನನ್ನು ನಿಲ್ಲಿಸಿ, ಮೇಲಿಂದ ಕೆಳಗಿನವರೆಗೆ ನೋಡಿ, "ಆ ದಾರ್ಯಾಗ ತಲಿ ತಿರುಗಿದವರು ನೀವ ಏನ್ರಿ?" ಎಂದು ಕೇಳಿದರು. ಇಂಡಿ ತಾಲೂಕಿನಲ್ಲಿ ಇನ್ನು ಮುಂದೆ ನನ್ನನ್ನು ಕನ್ನಡ ಮಾಸ್ತರ ಎಂದು ಯಾರೂ ಕರೆಯುವುದಿಲ್ಲ ಎಂಬುದು ಖಾತ್ರಿಯಾಯಿತು. ಚಹಾದ ಒಡಪಿನಲ್ಲಿ ಎಲ್ಲ ಊರಿನ ಗಂಡಂದಿರಿಗೂ ಪಾಲು ಇದೆ. ಇದರಲ್ಲಿ ಮಾತ್ರ ಬೇರೆ ಯಾರ ಅಪ್ಪನಿಗೂ ಜಾಗವಿಲ್ಲ.

"ಹೌದ್ರಿ," ಎಂದೆ, ಎದೆ ಸೆಟೆಸಿ, "ನಾನ ಅದು."